ಸಂಕದ ಮೇಲೆ ಧಸಕ್ ಅಂದ ಎದೆ: ಅದು ಪ್ರೀತಿಯಾ, ಹಳ್ಳದ ಭಯವಾ?

ಪ್ರಶ್ನೆ

ಮೇಡಂ, ನನಗೆ 29 ವರ್ಷ. ಊರು ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಶ್ರಾವಣದಲ್ಲಿ ಹೊಸನಗರದ ಆಚೆ ಇರುವ ಚಿಕ್ಕಮ್ಮನ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಅವರ ಮನೆ ಸೇರಲು ಒಂದು ಕಾಲುಸಂಕ ದಾಟಬೇಕು. ಹಳ್ಳ ದಡ ಮುಟ್ಟಿ ಹರಿಯುತ್ತಿತ್ತು. ಸಂಕದ ನಡುವೆ ನನ್ನ ಕಾಲು ಜಾರಿತು. ಆಚೆ ದಡದಲ್ಲಿದ್ದ ಹುಡುಗಿಯೊಬ್ಬಳು ಮಡಚಿದ ಕೊಡೆ ಚಾಚಿ, “ಕೆಳಗೆ ನೋಡ್ಬೇಡಿ, ನನ್ನ ನೋಡ್ಕಂಡು ಬನ್ನಿ” ಅಂದಳು. ನೋಡಿದೆ. ಎದೆ ಧಸಕ್ ಅಂತು. ಆಮೇಲೆ ಪೂಜೆ ಮನೆಯಲ್ಲಿ ಒಂದು ಹತ್ತು ನಿಮಿಷ ಮಾತಾಡಿರಬಹುದು. ಚಿಕ್ಕಮ್ಮನ ಪಕ್ಕದ ಮನೆಯವಳಂತೆ. ಆರು ವಾರ ಆಯ್ತು, ತಲೆಯಿಂದ ಹೋಗುತ್ತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಅವಳ ಖಾತೆ ಲಾಕ್ ಆಗಿದೆ. ಡಿಪಿ ಮಾತ್ರ ಕಾಣುತ್ತೆ, ದಿನಕ್ಕೆ ಇಪ್ಪತ್ತು ಸಲ ನೋಡ್ತೀನಿ. ಈ ಮಧ್ಯೆ ಮನೆಯವರು ವಿನೋಬನಗರದಲ್ಲಿ ಒಂದು ಹುಡುಗಿ ತೋರಿಸಿದರು. ಒಳ್ಳೆ ಹುಡುಗಿ, ಜಾತಕವೂ ಕೂಡಿದೆ. ಆದರೆ ನನಗೆ ಏನೂ ಅನ್ನಿಸಲಿಲ್ಲ. ಮೊದಲ ನೋಟದಲ್ಲಿ ಆಗುವುದು ನಿಜವಾದ ಪ್ರೀತಿನಾ? ವಿಜ್ಞಾನ ಏನು ಹೇಳುತ್ತೆ? ಸಂಕದ ಹುಡುಗಿಗೂ ಹಾಗೇ ಅನ್ನಿಸಿರಬಹುದಾ? ವಿನೋಬನಗರದವರಿಗೆ ಬೇಡ ಅಂದುಬಿಡಲಾ?

ಉತ್ತರ

ನಿಮ್ಮ ಪತ್ರ ಓದಿ ಮೊದಲು ನಗು ಬಂತು. ನಿಮ್ಮ ಅವಸ್ಥೆಗಲ್ಲ. ಕೆನಡಾದಲ್ಲಿ ಇಬ್ಬರು ಮನೋವಿಜ್ಞಾನಿಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಪ್ರಯೋಗವನ್ನು ಹೊಸನಗರದ ಒಂದು ಹಳ್ಳ ಪುಕ್ಕಟೆ ಮಾಡಿ ಮುಗಿಸಿದೆ. ಅದನ್ನೇ ಮೊದಲು ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ವ್ಯಾಂಕೂವರ್ ನಗರದ ಹತ್ತಿರ ಕ್ಯಾಪಿಲಾನೊ ಅಂತ ಒಂದು ಹೊಳೆ. ಅದರ ಮೇಲೊಂದು ತೂಗುಸೇತುವೆ. 450 ಅಡಿ ಉದ್ದ, 5 ಅಡಿ ಅಗಲ. ಕೆಳಗೆ 230 ಅಡಿ ಆಳದಲ್ಲಿ ಬಂಡೆ ಮತ್ತು ನೀರು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಕಟ್ಟಿದ ತೂಗುಸೇತುವೆಗಳ ಮೇಲೆ ನಡೆದವರಿಗೆ ಆ ತೊನೆದಾಟ ಗೊತ್ತಿರುತ್ತದೆ. ಆದರೆ ಇಷ್ಟು ಎತ್ತರದಲ್ಲಿ ತೊನೆದಾಡಿದರೆ ಕಥೆಯೇ ಬೇರೆ. ಅದೇ ಹೊಳೆಗೆ ಸೇರುವ ಒಂದು ಸಣ್ಣ ತೊರೆಗೆ ಮರದ ಗಟ್ಟಿ ಸೇತುವೆ ಇತ್ತು. ಅಗಲವೂ ಜಾಸ್ತಿ, ಎತ್ತರ ಬರೀ 10 ಅಡಿ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬಿಬ್ಬರು ಎರಡೂ ಕಡೆ ಒಬ್ಬ ಯುವತಿಯನ್ನು ನಿಲ್ಲಿಸಿದರು. ಒಂಟಿಯಾಗಿ ಬಂದ ಗಂಡಸರನ್ನು ಅವಳು ತಡೆದು, ಒಂದು ಫಾರಂ ತುಂಬಿಸಿ, ಒಂದು ಚಿತ್ರ ತೋರಿಸಿ ಸಣ್ಣ ಕಥೆ ಬರೆಸುವುದು. ಕೊನೆಗೆ ಕಾಗದದ ಮೂಲೆ ಹರಿದು ತನ್ನ ಫೋನ್ ನಂಬರ್ ಬರೆದು, “ಈ ಅಧ್ಯಯನದ ಬಗ್ಗೆ ಇನ್ನೂ ತಿಳೀಬೇಕಿದ್ರೆ ಫೋನ್ ಮಾಡಿ” ಅಂತ ಕೊಡುವುದು. ಅಷ್ಟೇ ಪ್ರಯೋಗ.

ತೂಗುಸೇತುವೆಯ ಮೇಲೆ ನಂಬರ್ ಇಸಿದುಕೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯ 16 ಜನರಲ್ಲಿ ಮಾಡಿದ್ದು ಇಬ್ಬರೇ. ತೂಗುಸೇತುವೆಯವರು ಬರೆದ ಕಥೆಗಳಲ್ಲಿ ಶೃಂಗಾರವೂ ಜಾಸ್ತಿ ಇತ್ತು. ಯುವತಿಯ ಬದಲು ಗಂಡಸನ್ನು ನಿಲ್ಲಿಸಿದಾಗ ಫೋನ್ ಮಾಡಿದವರು ತೀರಾ ಕಡಿಮೆ. 1974ರಲ್ಲಿ ಇದು ಪ್ರಕಟವಾಯಿತು.

ನೀವು ಕೇಳಬಹುದು: ತೂಗುಸೇತುವೆ ಹತ್ತುವವರು ಹುಟ್ಟಾ ಧೈರ್ಯವಂತರು, ಅವರು ಹುಡುಗಿಗೆ ಫೋನ್ ಮಾಡುವುದರಲ್ಲೂ ಧೈರ್ಯವಂತರೇ ಅಲ್ವಾ? ಈ ಅನುಮಾನ ಅವರಿಗೂ ಬಂದಿತ್ತು. ಅದಕ್ಕೆ ಇನ್ನೊಮ್ಮೆ ಮಾಡಿದರು. ಈ ಸಲ ಎಲ್ಲರೂ ತೂಗುಸೇತುವೆ ದಾಟುವವರೇ. ಕೆಲವರನ್ನು ಸೇತುವೆಯ ಮೇಲೇ ಮಾತಾಡಿಸಿದರು. ಇನ್ನು ಕೆಲವರನ್ನು ದಾಟಿ ಬಂದು ಹತ್ತು ನಿಮಿಷ ಸುಧಾರಿಸಿಕೊಂಡ ಮೇಲೆ ಮಾತಾಡಿಸಿದರು. ಸುಧಾರಿಸಿಕೊಂಡವರಲ್ಲಿ ಫೋನ್ ಮಾಡಿದವರ ಪಾಲು ಕಡಿಮೆಯಾಯಿತು. ಅದೇ ಹೊಳೆ, ಅದೇ ಸೇತುವೆ. ನಡುವೆ ಹತ್ತು ನಿಮಿಷ ಮಾತ್ರ.

ಇದರ ಹಿಂದಿನ ಲೆಕ್ಕ ಸರಳ. ಹೆದರಿಕೆಯಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸುರಿಯುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಗುತ್ತದೆ. ಇಷ್ಟವಾದವರನ್ನು ಕಂಡಾಗಲೂ ಹೆಚ್ಚುಕಡಿಮೆ ಇದೇ ಆಗುತ್ತದೆ. ದೇಹಕ್ಕೆ ಇರುವುದು ಒಂದೇ ಚಂಡೆ. ಯಕ್ಷಗಾನದಲ್ಲಿ ರಾಕ್ಷಸ ಬಂದಾಗಲೂ ಅದೇ ಚಂಡೆ ಬಡಿಯುತ್ತಾರೆ, ರಾಜಕುಮಾರ ಬಂದಾಗಲೂ ಅದೇ ಚಂಡೆ. ಒಳಗೆ ಕೂತು ಬರೀ ಸದ್ದು ಕೇಳಿದರೆ ಯಾರು ಬಂದರು ಅಂತ ನಮ್ಮಂಥವರಿಗೆ ಗೊತ್ತಾಗುವುದಿಲ್ಲ. ಕಣ್ಣಿಟ್ಟು ರಂಗಸ್ಥಳ ನೋಡಬೇಕು. ಮೆದುಳೂ ಹಾಗೇ ಮಾಡುತ್ತದೆ. ಎದೆ ಬಡಿದುಕೊಳ್ಳುತ್ತಿದೆ, ಯಾಕೆ ಅಂತ ಸುತ್ತ ನೋಡುತ್ತದೆ. ಎದುರಿಗೆ ಏನು ಕಾಣುತ್ತೋ ಅದರ ಹೆಸರನ್ನು ಆ ಬಡಿತಕ್ಕೆ ಅಂಟಿಸುತ್ತದೆ.

ಈಗ ನಿಮ್ಮ ಸಂಕಕ್ಕೆ ಬನ್ನಿ. ಪಾಚಿ ಕಟ್ಟಿದ ಅಡಿಕೆ ದಬ್ಬೆಯ ಮೇಲೆ ಶ್ರಾವಣದಲ್ಲಿ ಕಾಲು ಜಾರುವುದು ಅಂದರೆ ಅದು ತಮಾಷೆಯ ಮಾತಲ್ಲ. ಪ್ರತಿ ಮಳೆಗಾಲದಲ್ಲೂ ನಮ್ಮ ಕಡೆ ಅಂಥ ಸಂಕಗಳಿಂದ ಬಿದ್ದು ಜೀವ ಹೋಗಿದ್ದಿದೆ. ನಿಮ್ಮ ದೇಹ ಆ ಕ್ಷಣ ಜೀವ ಉಳಿಸಿಕೊಳ್ಳುವ ಕೆಲಸದಲ್ಲಿತ್ತು. ಚಂಡೆ ಏರಿತ್ತು. ಆಗ ಯಾರೋ “ಕೆಳಗೆ ನೋಡ್ಬೇಡಿ, ನನ್ನ ನೋಡ್ಕಂಡು ಬನ್ನಿ” ಅಂದರು. ಡಟನ್ ಮತ್ತು ಆರನ್ ಕೂಡ ಇಷ್ಟು ಚೆಂದದ ಏರ್ಪಾಡು ಮಾಡಿರಲಿಲ್ಲ! ಭಯ ಹುಟ್ಟಿಸಿದ ನೀರಿನಿಂದ ಕಣ್ಣು ತೆಗೆಸಿ ಒಂದು ಮುಖದ ಮೇಲೆ ನೆಡಿಸಿಬಿಟ್ಟಿದ್ದಾಳೆ ಆ ಹುಡುಗಿ. ಮೆದುಳು ಬೇರೆ ಯಾವ ಹೆಸರು ಅಂಟಿಸಬೇಕಿತ್ತು, ನೀವೇ ಹೇಳಿ.

ಹಾಗಾದರೆ ಎಲ್ಲ ಬರೀ ಭ್ರಮೆ ಅಂತಲಾ? ಇಲ್ಲ. ಇಲ್ಲಿ ಅವಸರ ಮಾಡಬಾರದು. 1981ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕೆಲವು ಹುಡುಗರನ್ನು ನಿಂತಲ್ಲೇ ಎರಡು ನಿಮಿಷ ಓಡಿಸಿದರು, ಕೆಲವರನ್ನು 15 ಸೆಕೆಂಡು ಮಾತ್ರ. ಆಮೇಲೆ ಒಬ್ಬ ಯುವತಿಯ ವಿಡಿಯೋ ತೋರಿಸಿದರು. ಕೆಲವರು ನೋಡಿದ್ದು ಚೆನ್ನಾಗಿ ಅಲಂಕಾರ ಮಾಡಿಕೊಂಡಿದ್ದವಳನ್ನು, ಉಳಿದವರು ನೋಡಿದ್ದು ಬೇಕಂತಲೇ ಅವತಾರ ಕೆಡಿಸಿಕೊಂಡವಳನ್ನು. ಜಾಸ್ತಿ ಓಡಿದವರಿಗೆ ಅಲಂಕಾರದವಳು ಇನ್ನೂ ಜಾಸ್ತಿ ಇಷ್ಟವಾದಳು. ಅವತಾರ ಕೆಡಿಸಿಕೊಂಡವಳು ಇನ್ನೂ ಕಡಿಮೆ ಇಷ್ಟವಾದಳು. ಅಂದರೆ ಎದೆಬಡಿತ ಇಲ್ಲದ ಆಸೆಯನ್ನು ಹುಟ್ಟಿಸಲಿಲ್ಲ. ಇದ್ದದ್ದನ್ನು ದೊಡ್ಡದು ಮಾಡಿತು, ಮೈಕಿನ ಹಾಗೆ. ಸಂಕದ ಆಚೆ ನಿಂತು ಕೊಡೆ ಚಾಚಿದ್ದು ನಿಮ್ಮ ಚಿಕ್ಕಪ್ಪ ಆಗಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ. ಅವಳಲ್ಲಿ ನಿಮಗೆ ಹಿಡಿಸಿದ್ದು ಏನೋ ಇತ್ತು. ಅದು ಎಷ್ಟಿತ್ತು ಅನ್ನುವುದು ಮಾತ್ರ ಹಳ್ಳದ ಸದ್ದಿನಲ್ಲಿ ಕೇಳಿಸಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹೆಣ್ಣು ನೋಡಲು ಹೋದಾಗಲೂ ಎದೆ ಹೊಡೆದುಕೊಳ್ಳುತ್ತದೆ. ಅಲ್ಲಿ ಯಾಕೆ ಹೀಗಾಗುವುದಿಲ್ಲ? ನೀವು “ಏನೂ ಅನ್ನಿಸಲಿಲ್ಲ” ಅಂತ ಬರೆದಿದ್ದೀರಿ. ಮನೆ ಮುಂದೆ ಕಾರು ಇಳಿಯುವಾಗ ನಿಮ್ಮ ಅಂಗೈ ಒಣಗಿತ್ತಾ? ನಾನು ನಂಬುವುದಿಲ್ಲ. ವ್ಯತ್ಯಾಸ ಏನಪ್ಪಾ ಅಂದರೆ, ಅಲ್ಲಿ ಎದೆಬಡಿತಕ್ಕೆ ಮೊದಲೇ ಹೆಸರಿತ್ತು. “ಎಂಟು ಜನ ನನ್ನನ್ನೇ ನೋಡ್ತಿದ್ದಾರೆ, ಪ್ಲೇಟು ಕೈ ಜಾರಿದರೆ ಮಾನ ಹೋಯ್ತು” ಅನ್ನುವ ಹೆಸರು. 1962ರಲ್ಲಿ ಸ್ಟಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ಜನರಿಗೆ ಅಡ್ರಿನಲಿನ್ ಚುಚ್ಚಿ ಇದನ್ನೇ ನೋಡಿದ್ದರು. ಎದೆ ಹೊಡೆದುಕೊಳ್ಳುತ್ತದೆ, ಅದು ಇಂಜೆಕ್ಷನ್ನಿನಿಂದ ಅಂತ ಮೊದಲೇ ಹೇಳಿಸಿಕೊಂಡವರು ಪ್ರಯೋಗ ಮಾಡುವವರೇ ಪಕ್ಕದಲ್ಲಿ ಕೂರಿಸಿದ್ದ, ಕುಣಿದಾಡುತ್ತಿದ್ದ ಒಬ್ಬನ ಖುಷಿಯನ್ನು ಅಷ್ಟಾಗಿ ಮೈಮೇಲೆ ಎಳೆದುಕೊಳ್ಳಲಿಲ್ಲ. ಕಾರಣ ಗೊತ್ತಿಲ್ಲದವರು ಎಳೆದುಕೊಂಡರು. ಈ ಪ್ರಯೋಗವನ್ನು ಆಮೇಲೆ ಮತ್ತೆ ಮಾಡಿನೋಡಿದವರಿಗೆ ಫಲ ಇಷ್ಟು ಅಚ್ಚುಕಟ್ಟಾಗಿ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ನಿಮ್ಮ ವಿನೋಬನಗರದ ಸಂಜೆಗೆ ಇದು ಸಾಕಷ್ಟು ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಮತ್ತೆ ವಿನೋಬನಗರದ ಹುಡುಗಿಯ ಕಡೆಯಿಂದಲೂ ನೋಡಿ. ಅವಳು ಆ ಇಪ್ಪತ್ತು ನಿಮಿಷ ಅವಳಾಗಿಯೇ ಇರಲಿಲ್ಲ. ಸೀರೆ, ತಲೆ ತಗ್ಗಿಸು, ಜೋರಾಗಿ ನಗಬೇಡ. ನೀವು ನೋಡಿದ್ದು ಒಂದು ವೇಷ. ಸಂಕದ ಹುಡುಗಿಯನ್ನು ನೋಡಿದ್ದು ಮಳೆಯಲ್ಲಿ, ಬಹುಶಃ ಮಂಡಿವರೆಗೆ ಕೆಸರು ಮೆತ್ತಿಕೊಂಡು, ಉಂಬಳ ಕೀಳುತ್ತಾ ಇದ್ದಾಗ. ಈ ಎರಡನ್ನು ಪಕ್ಕಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಇನ್ನು ‘ಮೊದಲ ನೋಟ’ದ ವಿಷಯ. ಮುಖ ನೋಡಿ ತೀರ್ಮಾನ ಮಾಡಲು ನಮಗೆ ಎಷ್ಟು ಹೊತ್ತು ಬೇಕು? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಇದನ್ನು ಅಳೆದರು. ಮುಖದ ಫೋಟೋವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ತೋರಿಸಿ, ಈ ವ್ಯಕ್ತಿ ಆಕರ್ಷಕವಾ, ನಂಬಬಹುದಾ ಅಂತ ಕೇಳಿದರು. ಅಷ್ಟು ಹೊತ್ತಿನಲ್ಲಿ ಕೊಟ್ಟ ಉತ್ತರಕ್ಕೂ, ಹೊತ್ತಿನ ಮಿತಿಯೇ ಇಲ್ಲದೆ ನೋಡಿದವರ ಉತ್ತರಕ್ಕೂ ಬಹಳ ಹೊಂದಾಣಿಕೆ ಇತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಬಂದಿತ್ತು.

ರೀಲ್ಸ್ ಮಾಡುವವರು ಇಲ್ಲಿಗೆ ನಿಲ್ಲಿಸಿ, “ನೋಡಿ, ಮನಸ್ಸಿಗೆ ಮೊದಲೇ ಗೊತ್ತಿರುತ್ತೆ” ಅಂತ ಹಿನ್ನೆಲೆ ಸಂಗೀತ ಹಾಕುತ್ತಾರೆ. ಅದರ ಮುಂದಿನ ಭಾಗವೇ ನನಗೆ ಮುಖ್ಯ. ನೋಡಲು ಜಾಸ್ತಿ ಹೊತ್ತು ಕೊಟ್ಟಾಗ ಜನರ ತೀರ್ಪು ಅಷ್ಟೇನೂ ಬದಲಾಗಲಿಲ್ಲ. ಆದರೆ ತೀರ್ಪಿನ ಮೇಲಿನ ನಂಬಿಕೆ ಏರಿತು. ಹತ್ತನೇ ಒಂದು ಸೆಕೆಂಡಿನಲ್ಲಿ ಹುಟ್ಟಿದ್ದನ್ನು ಆಮೇಲೆ ಸಮರ್ಥಿಸಿಕೊಂಡರು ಅಷ್ಟೇ. ಬೇಗ ತೀರ್ಮಾನ ಮಾಡುವುದು ಬೇರೆ, ಸರಿಯಾಗಿ ಮಾಡುವುದು ಬೇರೆ. ನಿಮ್ಮ ಆರು ವಾರದಲ್ಲಿ ಆಗಿರುವುದೂ ಇದೇ ಅಂತ ನನ್ನ ಗುಮಾನಿ. ಅವಳ ಬಗ್ಗೆ ನಿಮಗೆ ಗೊತ್ತಿರುವುದು ಆ ಹತ್ತು ನಿಮಿಷದ್ದು. ಬೆಳೆದಿರುವುದು ನಂಬಿಕೆ ಮಾತ್ರ.

ಚೆಂದದ ಮುಖಕ್ಕೆ ಒಳ್ಳೆಯ ಗುಣವನ್ನೂ ನಾವೇ ಹಚ್ಚಿಬಿಡುತ್ತೇವೆ. 1972ರ ಒಂದು ಪ್ರಯೋಗದಲ್ಲಿ ಫೋಟೋ ಮಾತ್ರ ನೋಡಿದ ವಿದ್ಯಾರ್ಥಿಗಳು, ಚೆನ್ನಾಗಿ ಕಾಣುವವರ ಸ್ವಭಾವವೂ ಒಳ್ಳೆಯದು, ಅವರ ಸಂಸಾರವೂ ಸುಖವಾಗಿರುತ್ತದೆ ಅಂತ ಬರೆದುಕೊಟ್ಟರು. ಫೋಟೋದಲ್ಲಿ ಸಂಸಾರ ಎಲ್ಲಿ ಕಾಣಿಸಿತೋ!

ಹಾಗಾದರೆ ಮೊದಲ ನೋಟದ ಪ್ರೀತಿ ಅನ್ನುವುದು ಇದೆಯಾ? ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನೇ ನೇರವಾಗಿ ಹುಡುಕಿದರು. 2017ರಲ್ಲಿ ಪ್ರಕಟವಾದ ಅಧ್ಯಯನ. ಸುಮಾರು 400 ಜನ. ಆನ್‌ಲೈನ್‌ನಲ್ಲಿ ಫೋಟೋ ತೋರಿಸಿದರು, ಲ್ಯಾಬಿನಲ್ಲಿ ತೋರಿಸಿದರು, ಗಂಡು ಹೆಣ್ಣು ಎದುರುಬದುರು ಭೇಟಿಯಾಗುವ ಕೂಟಗಳನ್ನೂ ಮಾಡಿದರು. “ನೋಡಿದ ಕೂಡಲೇ ಪ್ರೀತಿಯಾಯ್ತು” ಅಂದವರನ್ನು ವಿವರವಾಗಿ ಕೇಳಿದಾಗ ಆಪ್ತತೆ, ಬದ್ಧತೆ ಹೋಗಲಿ, ತೀವ್ರವಾದ ಮೋಹವೂ ದೊಡ್ಡದಾಗಿ ಕಾಣಲಿಲ್ಲ. ಬಲವಾಗಿ ಕಂಡದ್ದು ಒಂದೇ: ಎದುರಿದ್ದವರ ರೂಪ. ಅವರ ತೀರ್ಮಾನ, ಇದು ಪ್ರೀತಿಯ ಬೇರೊಂದು ಜಾತಿಯಲ್ಲ. ಬಲವಾದ ಮೊದಲ ಆಕರ್ಷಣೆಗೆ ಕೆಲವರು ಆ ಹೆಸರಿಡುತ್ತಾರೆ. ಕೆಲವರು ಅಲ್ಲೇ ಇಡುತ್ತಾರೆ, ಕೆಲವರು ವರ್ಷಗಳ ಮೇಲೆ ಹಿಂದಿರುಗಿ ನೋಡಿ ಇಡುತ್ತಾರೆ.

ಹಿಂದಿರುಗಿ ಹೆಸರಿಡುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮದು ನಾವೇ ಒಪ್ಪಿ ಮಾಡಿಕೊಂಡ ಮದುವೆ. ಇಪ್ಪತ್ತು ವರ್ಷ ನಾನು ಎಲ್ಲರಿಗೂ ಒಂದೇ ಕಥೆ ಹೇಳಿದ್ದೆ. ಗೋಪಿ ಸರ್ಕಲ್‌ನಲ್ಲಿ ಇವರು ನೀಲಿ ಚೌಕಳಿ ಅಂಗಿ ಹಾಕಿಕೊಂಡು ಸೈಕಲ್ ಒತ್ತಿಕೊಂಡು ಬರುತ್ತಿದ್ದರು, ನೋಡಿದ ತಕ್ಷಣ ಗೊತ್ತಾಯ್ತು ಅಂತ. ಒಂದು ದಿನ ಬೀರು ಖಾಲಿ ಮಾಡುವಾಗ ಹಳೇ ಟೈಲರ್ ರಸೀದಿ ಸಿಕ್ಕಿತು. ಆ ಅಂಗಿ ಹೊಲಿಸಿದ್ದು ನಾವು ಪರಿಚಯವಾಗಿ ಒಂದೂವರೆ ವರ್ಷದ ಮೇಲೆ, ಅದೂ ನಾನೇ ಆರಿಸಿಕೊಟ್ಟ ಬಟ್ಟೆಯಲ್ಲಿ. ಇವರನ್ನು ಕೇಳಿದರೆ, “ನೀನು ಮೊದಲ ಸಲ ನನ್ನ ನೋಡಿದ್ದು ಲೈಬ್ರರಿಯಲ್ಲಿ, ಪುಸ್ತಕ ವಾಪಸ್ ಕೊಟ್ಟಿಲ್ಲ ಅಂತ ಜಗಳ ಆಡಿದ್ದೆ” ಅಂದರು. ಮನೋವಿಜ್ಞಾನ ಪಾಠ ಮಾಡುತ್ತಾ ಬಂದವಳ ನೆನಪಿನ ಗತಿ ಇದು. ನಾನು ಸುಳ್ಳು ಹೇಳಿರಲಿಲ್ಲ. ನನ್ನ ನೆನಪು ಅಂಗಿಯನ್ನೂ ಸೈಕಲ್ಲನ್ನೂ ತಂದು, ಆಮೇಲೆ ಹುಟ್ಟಿದ ಪ್ರೀತಿಯನ್ನು ಅದರ ಮೇಲೆ ಕೂರಿಸಿ, ಹಿಂದಕ್ಕೆ ತಳ್ಳಿಬಿಟ್ಟಿತ್ತು. ಕಥೆ ಕೆಟ್ಟಿತಲ್ಲ ಅಂತ ಬೇಜಾರಾಯ್ತು, ನಿಜ ಹೇಳಬೇಕೆಂದರೆ.

ಈಗ ಡೋಪಮೈನ್, ಅಂದರೆ ಮೆದುಳಿನಲ್ಲಿ ಆಸೆಯನ್ನು ಚುರುಕು ಮಾಡುವ ರಾಸಾಯನಿಕ. ನೀವು ಕೇಳಿಲ್ಲ, ಆದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. 2005ರಲ್ಲಿ ಹೆಲೆನ್ ಫಿಶರ್, ಆರ್ಥರ್ ಆರನ್ (ಸೇತುವೆಯ ಅದೇ ಆರನ್), ಲೂಸಿ ಬ್ರೌನ್ ಮತ್ತು ಜೊತೆಯವರು ಪ್ರೀತಿಯಲ್ಲಿ ಮುಳುಗಿದ್ದ 17 ಜನರ ಮೆದುಳನ್ನು ಸ್ಕ್ಯಾನ್ ಮಾಡಿದರು. ಪ್ರೀತಿಸಿದವರ ಫೋಟೋ ತೋರಿಸಿದಾಗ, ಮೆದುಳಿನ ಬುಡದ ಕಡೆ ಇರುವ, ಡೋಪಮೈನ್ ತಯಾರಿಸುವ ಒಂದು ಪುಟ್ಟ ಜಾಗ ಚುರುಕಾಯಿತು. ಹಸಿವು, ಬಾಯಾರಿಕೆ, ಚಟ ಇವೆಲ್ಲಕ್ಕೂ ನಂಟಿರುವ ವ್ಯವಸ್ಥೆ ಅದು. ಸರಿ. ಆದರೆ ಆ 17 ಜನ ಪ್ರೀತಿಯಲ್ಲಿ ಬಿದ್ದು ಸರಾಸರಿ ಏಳು ತಿಂಗಳ ಮೇಲಾಗಿತ್ತು! ಅದಕ್ಕಿಂತ ಮೊದಲು, 1999ರಲ್ಲಿ, ಇಟಲಿಯ ಪೀಸಾದಲ್ಲಿ ಡೊನಾಟೆಲ್ಲಾ ಮರಾಜಿಟಿ ಅವರು 20 ಜನ ಹೊಸ ಪ್ರೇಮಿಗಳ ರಕ್ತ ಪರೀಕ್ಷೆ ಮಾಡಿ, ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಅಂಶ ಗೀಳು ರೋಗದವರಲ್ಲಿ ಇರುವಷ್ಟೇ ಇಳಿದಿರುವುದನ್ನು ಕಂಡರು. ವರ್ಷ ಕಳೆದ ಮೇಲೆ ನೋಡಿದರೆ ಅದು ಮಾಮೂಲಿಗೆ ಬಂದಿತ್ತು. ಅವರೂ ತಿಂಗಳುಗಳಿಂದ ಪ್ರೀತಿಸುತ್ತಿದ್ದವರೇ. ಮೊದಲ ನೋಟದ ಆ ಒಂದು ಕ್ಷಣದಲ್ಲಿ ಇದೆಲ್ಲ ಆಗುತ್ತದೆ ಅಂತ ಈ ಎರಡು ಅಧ್ಯಯನವೂ ತೋರಿಸಿಲ್ಲ. ರಾಸಾಯನಿಕದ ಹೆಸರು ಹೇಳಿದ ಕೂಡಲೇ ಮಾತು ವಿಜ್ಞಾನವಾಗುವುದಿಲ್ಲ ಮಾರಾಯ್ರೆ.

ಆದರೆ ಡೋಪಮೈನ್ ನಿಮ್ಮ ವಿಷಯದಲ್ಲಿ ಬೇರೆ ಒಂದು ಕಡೆ ಕೆಲಸ ಮಾಡುತ್ತಿರಬಹುದು. ಆ ಡಿಪಿ. 2003ರಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಜೊತೆಯವರು ಮಂಗಗಳಿಗೆ ಒಂದು ಗುರುತು ತೋರಿಸಿ ಆಮೇಲೆ ಹಣ್ಣಿನ ರಸ ಕೊಡುತ್ತಿದ್ದರು. ಕೆಲವು ಗುರುತಿಗೆ ರಸ ಖಂಡಿತ, ಕೆಲವಕ್ಕೆ ಇಲ್ಲವೇ ಇಲ್ಲ, ಕೆಲವಕ್ಕೆ ಅರ್ಧಕ್ಕರ್ಧ. ಸಿಗುತ್ತೋ ಇಲ್ವೋ ಅರ್ಧಕ್ಕರ್ಧ ಅನ್ನುವಾಗಲೇ ಡೋಪಮೈನ್ ಕೋಶಗಳು ಕಾಯುವಷ್ಟು ಹೊತ್ತೂ ಅತಿ ಜಾಸ್ತಿ ಚಟುವಟಿಕೆಯಲ್ಲಿದ್ದವು. ಲಾಕ್ ಆದ ಖಾತೆ ಅಂದರೆ ಅದೇ ಅಲ್ವಾ? ಹೌದೂ ಅಲ್ಲ, ಇಲ್ಲವೂ ಅಲ್ಲ. ದಿನಕ್ಕೆ ಇಪ್ಪತ್ತು ಸಲ ನೀವು ನೋಡುತ್ತಿರುವುದು ಅವಳನ್ನಲ್ಲ, ಬೀಗವನ್ನು. ಅವಳು ದಿನಾ ಕಣ್ಣೆದುರು ಓಡಾಡುವವಳಾಗಿದ್ದರೆ, ಒಂದು ದಿನ ಸಿಡುಕಿ, ಒಂದು ದಿನ ನೆಗಡಿಯಾಗಿ, ಅವಳು ಒಬ್ಬ ಮನುಷ್ಯಳಾಗಿ ಕಾಣುತ್ತಿದ್ದಳು. ಸದ್ಯಕ್ಕೆ ಆ ಡಿಪಿ ನೋಡುವುದನ್ನು ಬಿಡಿ. ಇದು ವೈದ್ಯರು ಪಥ್ಯ ಹೇಳಿದ ಹಾಗೆ ಅಂತಲೇ ತಿಳ್ಕೊಳ್ಳಿ.

ವಾಸನೆಯ ಬಗ್ಗೆ ಎರಡು ಮಾತು, ಯಾಕೆಂದರೆ ‘ಫೆರೊಮೋನ್’ (ಸಂಗಾತಿಯನ್ನು ಸೆಳೆಯಲು ಮೈಯಿಂದ ಹೊರಡುವ ವಸ್ತು) ಅಂತ ಬಾಟಲಿ ಮಾರುವವರಿದ್ದಾರೆ. ಮೊಟ್ಟಮೊದಲು ಗುರುತಿಸಿದ ಫೆರೊಮೋನ್ ರೇಷ್ಮೆ ಚಿಟ್ಟೆಯದು, 1959ರಲ್ಲಿ. ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ತೆಗೆದರು. ಗಂಡು ಚಿಟ್ಟೆಗೆ ಅದರ ಎಳೆ ಸಿಕ್ಕಿದರೆ ಸಾಕು, ರೆಕ್ಕೆ ಬಡಿಯುತ್ತಾ ಹೊರಟುಬಿಡುತ್ತದೆ. ಮನುಷ್ಯರಲ್ಲಿ ಅಂಥ ಒಂದು ವಸ್ತುವೂ ಇದುವರೆಗೆ ಖಚಿತವಾಗಿ ಸಿಕ್ಕಿಲ್ಲ. ಗಂಡಸರು ಎರಡು ರಾತ್ರಿ ಹಾಕಿದ ಟೀ ಶರ್ಟನ್ನು ಹೆಂಗಸರಿಗೆ ಮೂಸಲು ಕೊಟ್ಟ 1995ರ ಸ್ವಿಸ್ ಪ್ರಯೋಗ ಹೆಸರುವಾಸಿ. ತಮಗಿಂತ ಬೇರೆ ಥರದ ರೋಗನಿರೋಧಕ ವಂಶವಾಹಿ ಇದ್ದವರ ವಾಸನೆ ಹಿತ ಅನ್ನಿಸಿತಂತೆ. ಆಮೇಲೆ ಮಾಡಿದವರೆಲ್ಲರಿಗೂ ಅದೇ ಫಲ ಬಂದಿಲ್ಲ. ಅದೂ ಅಲ್ಲದೆ, ಆ ಮಳೆಯಲ್ಲಿ ನಿಮ್ಮ ಮೂಗಿಗೆ ಬಂದದ್ದು ಒದ್ದೆ ಕೊಡೆ ಮತ್ತು ಕೊಳೆತ ಎಲೆಯ ವಾಸನೆ. ಮುಂದೆ ಹೋಗೋಣ.

ಯಾರಿಗೆ ಯಾರು ಹಿಡಿಸುತ್ತಾರೆ ಅಂತ ಮೊದಲೇ ಹೇಳಬಹುದಾ? ಸಮಂತಾ ಜೋಯಲ್, ಪಾಲ್ ಈಸ್ಟ್‌ವಿಕ್, ಎಲೈ ಫಿಂಕೆಲ್ ಮೂವರು 2017ರಲ್ಲಿ ಕಂಪ್ಯೂಟರಿಗೆ ಈ ಕೆಲಸ ಕೊಟ್ಟರು. ಅಪರಿಚಿತ ಗಂಡು ಹೆಣ್ಣಿನ ನಾಲ್ಕು ನಿಮಿಷದ ಭೇಟಿಗೆ ಮೊದಲು ಪ್ರತಿಯೊಬ್ಬರಿಂದ ಅವರ ಸ್ವಭಾವ, ಇಷ್ಟಾನಿಷ್ಟ, ಹೇಗಿರುವವರು ಬೇಕು ಅಂತ ನೂರಕ್ಕೂ ಹೆಚ್ಚು ವಿವರ ತುಂಬಿಸಿಕೊಂಡರು. ಒಟ್ಟಾರೆ ಎಲ್ಲರಿಗೂ ಇಷ್ಟವಾಗುವವರು ಯಾರು, ಎಲ್ಲರನ್ನೂ ಇಷ್ಟಪಡುವವರು ಯಾರು ಅನ್ನುವುದನ್ನು ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಹೇಳಿತು. ಆದರೆ ಈ ಒಬ್ಬನಿಗೆ ಈ ಒಬ್ಬಳೇ ವಿಶೇಷವಾಗಿ ಹಿಡಿಸುತ್ತಾಳಾ ಅನ್ನುವುದನ್ನು ಹೇಳಲು ಆಗಲೇ ಇಲ್ಲ. ಮದುವೆ ಬ್ರೋಕರ್ ಡೈರಿ, ಮ್ಯಾಟ್ರಿಮೊನಿ ಫಿಲ್ಟರ್, ನಿಮ್ಮ ಮನಸ್ಸಿನ ಪಟ್ಟಿ ಎಲ್ಲವೂ ಇಲ್ಲಿ ಒಂದೇ ದೋಣಿಯಲ್ಲಿವೆ. ಇಬ್ಬರು ಎದುರುಬದುರಾದ ಮೇಲೆ ಅವರ ನಡುವೆ ಹುಟ್ಟುವಂಥದ್ದು ಅದು, ಮುಂಚೆ ಒಬ್ಬೊಬ್ಬರ ಜೇಬಿನಲ್ಲಿ ಇರುವಂಥದ್ದಲ್ಲ. ಲೈಡನ್ ವಿಶ್ವವಿದ್ಯಾಲಯದವರು ಅಪರಿಚಿತ ಜೋಡಿಗಳ ಮೊದಲ ಭೇಟಿಯನ್ನು ಅಳೆದಾಗಲೂ ಇದರ ಸುಳಿವು ಸಿಕ್ಕಿತು. ನಗು, ನೋಟ, ತಲೆಯಾಡಿಸುವುದು ಇವುಗಳಿಂದ ಆಕರ್ಷಣೆ ಗೊತ್ತಾಗಲಿಲ್ಲ. ಇಬ್ಬರ ಎದೆಬಡಿತ, ಅಂಗೈ ಬೆವರು ಒಟ್ಟೊಟ್ಟಿಗೆ ಏರಿಳಿದರೆ ಆಕರ್ಷಣೆ ಜಾಸ್ತಿ ಇತ್ತು.

ಇದರ ಜೊತೆಗೆ ಪರಿಚಯದ ಬಲವನ್ನೂ ಇಡಿ. 1992ರಲ್ಲಿ ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ನೋಡಲು ಒಂದೇ ಥರ ಇದ್ದ ನಾಲ್ವರು ಯುವತಿಯರನ್ನು ಕಾಲೇಜಿನ ಒಂದು ದೊಡ್ಡ ತರಗತಿಗೆ ಕಳಿಸಿದರು. ಒಬ್ಬಳು ಹೋಗಲೇ ಇಲ್ಲ. ಉಳಿದವರು 5, 10, 15 ಸಲ ಹೋಗಿ, ಯಾರ ಹತ್ತಿರವೂ ಮಾತಾಡದೆ ಕೂತು ಎದ್ದುಬಂದರು. ಕೊನೆಗೆ ವಿದ್ಯಾರ್ಥಿಗಳಿಗೆ ಫೋಟೋ ತೋರಿಸಿದರೆ, ಜಾಸ್ತಿ ಸಲ ಬಂದವಳೇ ಜಾಸ್ತಿ ಇಷ್ಟವಾದಳು. ಅವಳನ್ನು ನೋಡಿದ ನೆನಪು ಕೂಡ ಹೆಚ್ಚಿನವರಿಗೆ ಇರಲಿಲ್ಲ! ಶಿವಮೊಗ್ಗ ತೀರ್ಥಹಳ್ಳಿ ಬಸ್ಸಿನಲ್ಲಿ ದಿನಾ ಅದೇ ಸೀಟಿನಲ್ಲಿ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ಎದೆ ಸುಮ್ಮನಿದ್ದರೆ ಕೊನೆಯವರೆಗೂ ಸುಮ್ಮನೇ ಇರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ.

ಹಿರಿಯರು ವಾಟ್ಸಾಪಿನಲ್ಲಿ ಕಳಿಸುವ ಇನ್ನೊಂದು ಅಧ್ಯಯನವಿದೆ. 1982ರ ಜೈಪುರದ್ದು, 50 ದಂಪತಿಗಳು. ಪ್ರೀತಿಸಿ ಮದುವೆಯಾದವರ ಪ್ರೀತಿ ಮೊದಲು ಜಾಸ್ತಿ ಇದ್ದು ವರ್ಷ ಕಳೆದಂತೆ ಇಳಿಯಿತು, ಮನೆಯವರು ನೋಡಿ ಮಾಡಿದವರದ್ದು ಕಡಿಮೆಯಿಂದ ಶುರುವಾಗಿ ಏರಿತು ಅಂತ. ಇದನ್ನು ತೋರಿಸಿ ನಿಮ್ಮನ್ನು ವಿನೋಬನಗರಕ್ಕೆ ಎಳೆದರೆ ಒಪ್ಪಬೇಡಿ. 50 ಜೋಡಿ ಅಂದರೆ ಬಹಳ ಸಣ್ಣ ಲೆಕ್ಕ. 2012ರಲ್ಲಿ ಅಮೆರಿಕದಲ್ಲಿರುವ ಭಾರತೀಯ ಮೂಲದವರಲ್ಲಿ ನೋಡಿದಾಗ ಎರಡು ಥರದ ಮದುವೆಯಲ್ಲೂ ಪ್ರೀತಿ ಒಂದೇ ಮಟ್ಟದಲ್ಲಿತ್ತು. ಅದೂ ಸಣ್ಣ ಲೆಕ್ಕವೇ.

ಈಗ ನಿಮ್ಮ ಕಷ್ಟದ ಪ್ರಶ್ನೆ. ಅವಳಿಗೂ ಹಾಗೇ ಅನ್ನಿಸಿರಬಹುದಾ? ನಿಮ್ಮ ಪತ್ರದಲ್ಲೇ ಒಂದು ವಿವರ ಇದೆ, ನೀವು ಗಮನಿಸಿಲ್ಲ. ಸಂಕದ ಮೇಲಿದ್ದವರು ನೀವು. ಅವಳು ದಡದಲ್ಲಿದ್ದಳು. ಚಿಕ್ಕಮ್ಮನ ಪಕ್ಕದ ಮನೆ ಅಂದಿರಿ. ಆ ಕಡೆ ಪಕ್ಕದ ಮನೆ ಅಂದರೆ ಅರ್ಧ ಮೈಲಿ, ಆದರೆ ಸಂಕ ಒಂದೇ. ಅವಳು ಪಾಟಿಚೀಲ ಹೊತ್ತ ಕಾಲದಿಂದ ಅದೇ ಸಂಕ ದಾಟಿರುತ್ತಾಳೆ. ಅವಳ ಎದೆ ಬಡಿದುಕೊಳ್ಳಲು ಹಳ್ಳ ಕಾರಣವಾಗಿರಲಿಲ್ಲ. ಪೇಟೆ ಚಪ್ಪಲಿ ಹಾಕಿಕೊಂಡು ಬಂದ ಒಬ್ಬ ನೆಂಟ ಬೀಳುವುದರಲ್ಲಿದ್ದ, ಹಿಡಿದಳು. ವರ್ಷಕ್ಕೆ ಅಂಥ ನಾಲ್ಕು ಜನರನ್ನು ಹಿಡಿದಿರುತ್ತಾಳೋ ಏನೋ. ನಿಮ್ಮ ಮೈಕು ಅವಳ ಹತ್ತಿರ ಇರಲಿಲ್ಲ. ಹಾಗಂತ ಅವಳಿಗೆ ಏನೂ ಅನ್ನಿಸಿಲ್ಲ ಅಂತಲೂ ಅಲ್ಲ. ಪೂಜೆ ಮನೆಯಲ್ಲಿ ಸಪಾದ ತಿನ್ನುತ್ತಾ ಹತ್ತು ನಿಮಿಷ ಮಾತಾಡಿದ್ದೀರಲ್ಲ, ಅವಳ ಮಟ್ಟಿಗೆ ನಿಮ್ಮ ಪರಿಚಯ ಅಂದರೆ ಆ ಹತ್ತು ನಿಮಿಷವೇ. ಅದನ್ನು ನೆನಪು ಮಾಡಿಕೊಳ್ಳಿ. ಅವಳು ಏನು ಓದಿದ್ದಾಳೆ, ಏನು ಮಾಡುತ್ತಾಳೆ, ಏನು ಕೇಳಿದಳು? ಪತ್ರದಲ್ಲಿ ನೀವು ಕೊಡೆಯ ಬಗ್ಗೆ ಬರೆದಿದ್ದೀರಿ, ಅವಳ ಮಾತು ಒಂದೇ ಒಂದು ವಾಕ್ಯ ಬರೆದಿದ್ದೀರಿ. ಆ ವಾಕ್ಯವೂ ಸಂಕದ ಮೇಲಿನದ್ದೇ.

ವಿನೋಬನಗರದವರಿಗೆ ಏನು ಹೇಳುವುದು? ಎದೆ ಹೊಡೆದುಕೊಳ್ಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವುದಾದರೆ ಅದು ಸರಿಯಾದ ಕಾರಣವಲ್ಲ ಅಂತ ಇಷ್ಟು ಹೊತ್ತು ಹೇಳಿದೆ. ಆದರೆ ತಲೆಯಲ್ಲಿ ಇನ್ನೊಬ್ಬರನ್ನು ಇಟ್ಟುಕೊಂಡು ‘ನೋಡೋಣ’ ಅಂತ ಎಳೆಯುವುದು ಅದಕ್ಕಿಂತ ಕೆಟ್ಟದ್ದು. ಆ ಹುಡುಗಿಯ ಮನೆಯಲ್ಲೂ ಈಗ ಫೋನ್ ಬಂದಾಗಲೆಲ್ಲ ಎಲ್ಲರೂ ತಿರುಗಿ ನೋಡುತ್ತಿರುತ್ತಾರೆ. ಈ ವಾರವೇ ಅಪ್ಪ ಅಮ್ಮನಿಗೆ ಹೇಳಿಬಿಡಿ, ಈಗ ನನ್ನ ಮನಸ್ಸು ಒಂದು ಕಡೆ ಇಲ್ಲ ಅಂತ. ಅವರಿಗೆ ಕಾಯುವ ಮನಸ್ಸಿದ್ದರೆ ಕಾಯಲಿ, ಇಲ್ಲದಿದ್ದರೆ ಮುಂದೆ ನೋಡಿಕೊಳ್ಳಲಿ. ಅವಳನ್ನು ಎರಡನೇ ಸಾಲಿನಲ್ಲಿ ಕೂರಿಸಿ ಇಡಬೇಡಿ.

ಆಮೇಲೆ ಸಂಕದ ಹುಡುಗಿ. ಮತ್ತೆ ಆ ಹಳ್ಳದ ಹತ್ತಿರ ಹೋಗಿ ನಿಲ್ಲಬೇಡಿ, ಮನೆ ಹತ್ತಿರ ಸುಳಿಯಬೇಡಿ, ಚಿಕ್ಕಮ್ಮನ ಕಡೆಯಿಂದ ಅವಳ ನಂಬರ್ ಇಸಿದುಕೊಳ್ಳಬೇಡಿ. ಅವಳು ಕೊಟ್ಟಿಲ್ಲದ ನಂಬರಿಗೆ ಮೆಸೇಜ್ ಹೋದರೆ ಅವಳಿಗೆ ಆಗುವ ಎದೆಬಡಿತ ಬೇರೆ ಥರದ್ದು. ನಿಮ್ಮ ಚಿಕ್ಕಮ್ಮನಿಗೆ ಮಗಳಿದ್ದರೆ ಅವಳ ಹತ್ತಿರ, ಇಲ್ಲವಾದರೆ ಚಿಕ್ಕಮ್ಮನ ಹತ್ತಿರವೇ ನೇರವಾಗಿ ವಿಷಯ ಹೇಳಿ. ಒಂದು ಸಲ ಆ ಹುಡುಗಿಯ ಜೊತೆ ಮಾತಾಡಬೇಕು ಅಂತಿದೆ, ಅವಳಿಗೆ ಒಪ್ಪಿಗೆ ಇದ್ದರೆ ಮಾತ್ರ ಅನ್ನಿ. ಹೊಸನಗರ ಪೇಟೆಯ ಯಾವುದಾದರೂ ಹೋಟೆಲು, ಮಧ್ಯಾಹ್ನದ ಹೊತ್ತು, ಒಂದೊಂದು ಕಾಫಿ. ಮಳೆ ಬಿಟ್ಟ ಮೇಲೆ ಆದರೆ ಇನ್ನೂ ಒಳ್ಳೆಯದು. ಬೇಸರದ ಜಾಗವೇ ಆಗಲಿ. ಅಲ್ಲಿ ಅರ್ಧ ಗಂಟೆ ಕಳೆದ ಮೇಲೂ ಅವಳನ್ನು ಇನ್ನೇನು ಕೇಳಲಿ ಅಂತ ನಿಮಗೆ ಅನ್ನಿಸುತ್ತಿದ್ದರೆ, ಅವಳೂ ನಿಮ್ಮನ್ನು ಏನಾದರೂ ಕೇಳುತ್ತಿದ್ದರೆ, ಅದಕ್ಕೆ ಹಳ್ಳ ಕಾರಣ ಅಂತ ನಾನು ಹೇಳುವುದಿಲ್ಲ.

ಕ್ಯಾಪಿಲಾನೊದ ಆ ಯುವತಿ ಯಾರ ನಂಬರನ್ನೂ ಕೇಳಿರಲಿಲ್ಲ. ಕಾಗದದ ಮೂಲೆ ಹರಿದು ತನ್ನದನ್ನು ಕೊಟ್ಟಿದ್ದಳು. ನೀವೂ ಹಾಗೇ ಮಾಡಿ. ಚಿಕ್ಕಮ್ಮನ ಕೈಲಿ ನಿಮ್ಮ ನಂಬರ್ ಕೊಟ್ಟು ಬನ್ನಿ. ಮಾಡಿದರೆ ಅವಳೇ ಮಾಡಲಿ.